ಸೆಕಿರೊ ಗೇಮ್: “ಇಷ್ಟು ಕಷ್ಟ ಯಾಕೆ?” ಎಂದು ಗೊಣಗಿದ ವಿಮರ್ಶಕರೇ ಅದಕ್ಕೆ ‘ವರ್ಷದ ಗೇಮ್’ ಪಟ್ಟ ಕೊಟ್ಟಿದ್ದೇಕೆ?

ಅಮ್ಮಿನಬಾವಿಯ ಬಸ್ ನಿಲ್ದಾಣ. ಸಂಜೆ ಹೊತ್ತು ನಾಲ್ಕು ಹುಡುಗರು ಒಂದೇ ಫೋನಿನ ಮೇಲೆ ಬಗ್ಗಿ ಯೂಟ್ಯೂಬ್ ವಿಡಿಯೊ ನೋಡುತ್ತಿದ್ದರು. ಪರದೆಯಲ್ಲಿ ಕತ್ತಿ ಹಿಡಿದ ಜಪಾನಿ ಯೋಧನೊಬ್ಬ ಸಾಯುತ್ತಿದ್ದ, ಎದ್ದು ಬಂದು ಮತ್ತೆ ಸಾಯುತ್ತಿದ್ದ. ಧಾರವಾಡದ ಬಸ್ಸಿಗೆ ಕಾಯುತ್ತಿದ್ದ ಅಜ್ಜ ಸ್ವಲ್ಪ ಹೊತ್ತು ನೋಡಿ ಕೇಳಿದರು: “ಹಿಂಗ ಬರೇ ಸಾಯೂ ಆಟಕ್ಕ ಯಾರರ ರೊಕ್ಕ ಕೊಡ್ತಾರೇನೋ ತಮ್ಮಾ?” ಹುಡುಗ ತಲೆ ಎತ್ತದೆ ಹೇಳಿದ: “ಕೊಡ್ತಾರಜ್ಜಾ. ಇದಕ್ಕ ವರ್ಷದ ಗೇಮ್ ಅಂತ ಪ್ರಶಸ್ತಿ ಬಂದೈತಿ.”

ಅಜ್ಜನ ಪ್ರಶ್ನೆ ಸರಿಯಾಗಿಯೇ ಇದೆ. ಹುಡುಗ ಹೇಳಿದ್ದೂ ನಿಜ. ಆ ಗೇಮ್‌ನ ಹೆಸರು ‘ಸೆಕಿರೊ: ಷಾಡೋಸ್ ಡೈ ಟ್ವೈಸ್’. “ಜಗತ್ತಿನ ಅತಿ ಕಷ್ಟದ ಗೇಮ್”, “100ಕ್ಕೆ 90 ಮಂದಿ ಮೆಚ್ಚಿದ ಗೇಮ್”, “ಇದನ್ನು ಮುಗಿಸಿದವನೇ ನಿಜವಾದ ಗೇಮರ್” ಎಂಬಂಥ ಸಾಲುಗಳು ಇಂಥ ಗೇಮ್‌ಗಳ ಜೊತೆ ಫೋನಿಂದ ಫೋನಿಗೆ ಓಡಾಡುತ್ತವೆ. ಇವುಗಳಲ್ಲಿ ನಿಜ ಎಷ್ಟು? ವಿಮರ್ಶಕರು ನಿಜಕ್ಕೂ ಮೆಚ್ಚಿದ್ದು ಏನನ್ನು, ತಪ್ಪು ಹಿಡಿದದ್ದು ಎಲ್ಲಿ? ಬನ್ನಿ, ಒಂದೊಂದಾಗಿ ನೋಡೋಣ.

ಒಂದೇ ನೋಟದಲ್ಲಿ

• ಸೆಕಿರೊ ಬಿಡುಗಡೆಯಾದದ್ದು 2019ರ ಮಾರ್ಚ್ 22ರಂದು. ತಯಾರಿಸಿದ್ದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ. ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ.
• ವಿಮರ್ಶಕರ ಸರಾಸರಿ ಅಂಕ 100ಕ್ಕೆ 90ರ ಆಸುಪಾಸು.
• 2019ರ ಡಿಸೆಂಬರ್‌ನಲ್ಲಿ ‘ದಿ ಗೇಮ್ ಅವಾರ್ಡ್ಸ್’ನ ವರ್ಷದ ಗೇಮ್ ಪ್ರಶಸ್ತಿ ಬಂತು.
• ಹೊಗಳಿಕೆ ಬಂದದ್ದು ಬರೀ ಕಷ್ಟಕ್ಕಲ್ಲ, ಕಷ್ಟದೊಳಗಿನ ನ್ಯಾಯಕ್ಕೆ.
• ಆಟವನ್ನು ಸುಲಭ ಮಾಡಿಕೊಳ್ಳುವ ಆಯ್ಕೆ ಇಲ್ಲದ್ದರಿಂದ ದೊಡ್ಡ ಚರ್ಚೆಯೇ ನಡೆಯಿತು. ಅಂಗವಿಕಲ ಆಟಗಾರರ ಪ್ರಶ್ನೆ ಅದರ ನಡುಮಧ್ಯೆ ಇತ್ತು.

ಇದು ಯಾವ ಗೇಮ್?

ಕಥೆ ನಡೆಯುವುದು ಜಪಾನಿನ ಸೆಂಗೋಕು ಕಾಲದ ಕೊನೆಯ ಭಾಗದಲ್ಲಿ. ಸೆಂಗೋಕು ಅಂದರೆ 15ನೇ ಶತಮಾನದ ನಡುವಿನಿಂದ 16ನೇ ಶತಮಾನದ ಕೊನೆಯವರೆಗೆ ಪಾಳೆಯಗಾರರು ಒಬ್ಬರ ಮೇಲೊಬ್ಬರು ಏರಿ ಹೋಗುತ್ತಿದ್ದ ಯುದ್ಧದ ಕಾಲ. ಕಾಲ ಇತಿಹಾಸದ್ದಾದರೂ ಗೇಮ್‌ನಲ್ಲಿ ಬರುವ ‘ಅಶಿನಾ’ ರಾಜ್ಯದ ಕಥೆ ಕಟ್ಟುಕಥೆ.

ಇಲ್ಲೇ ಒಂದು ಸಣ್ಣ ತಪ್ಪು ತಿದ್ದಿಕೊಳ್ಳಬಹುದು. ಎಲ್ಲರೂ ಇದನ್ನು ‘ಸಮುರಾಯ್ ಗೇಮ್’ ಎನ್ನುತ್ತಾರೆ. ನಾಯಕ ಸಮುರಾಯ್ ಅಲ್ಲ. ಅವನು ಶಿನೋಬಿ, ನಾವು ನಿಂಜಾ ಎನ್ನುತ್ತೇವಲ್ಲ ಅವನು. ಹೆಸರು ತೋಳ. ತನ್ನ ಪುಟ್ಟ ಒಡೆಯ ಕುರೊನನ್ನು ಕಾಪಾಡಲು ಹೋಗಿ ಎಡಗೈ ಕಳೆದುಕೊಳ್ಳುತ್ತಾನೆ. ಆ ಜಾಗಕ್ಕೆ ಒಂದು ಕೃತಕ ಕೈ ಬರುತ್ತದೆ. ‘ಸೆಕಿರೊ’ ಎಂದರೆ ಒಂಟಿ ತೋಳಿನ ತೋಳ ಎಂದೇ ಅರ್ಥ.

ತಮಾಷೆ ಎಂದರೆ, ಕೈ ಕಳೆದುಕೊಳ್ಳುವ ಆ ಮೊದಲ ಕಾಳಗದಲ್ಲಿ ನೀವು ಸೋತರೂ ಕೈ ಹೋಗುತ್ತದೆ, ಗೆದ್ದರೂ ಹೋಗುತ್ತದೆ. ಸೋಲು ಈ ಆಟದಲ್ಲಿ ಮನೆ ಮಂದಿಯಂತೆ ಇರುತ್ತದೆ ಎಂದು ಆರಂಭದಲ್ಲೇ ಹೇಳಿಬಿಡುತ್ತಾರೆ.

“90 ಅಂಕ” ಅಂದರೆ ಏನು?

ಗೇಮ್ ವಿಮರ್ಶೆಗಳ ಅಂಕಗಳನ್ನು ಒಟ್ಟುಮಾಡಿ ಸರಾಸರಿ ತೆಗೆಯುವ ಜಾಲತಾಣ ಮೆಟಾಕ್ರಿಟಿಕ್. ಅಲ್ಲಿ ಸೆಕಿರೊಗೆ ಪ್ಲೇಸ್ಟೇಷನ್ 4ರಲ್ಲಿ 90 ಅಂಕ ಬಂದಿದೆ. ಐಜಿಎನ್ 10ಕ್ಕೆ 9.5 ಕೊಟ್ಟಿತು, ಗೇಮ್‌ಸ್ಪಾಟ್ 9 ಕೊಟ್ಟಿತು.

ಈ 90 ಅನ್ನು “ನೂರರಲ್ಲಿ ತೊಂಬತ್ತು ಜನ ಮೆಚ್ಚಿದರು” ಎಂದು ಓದುವುದು ತಪ್ಪು. ಬೇರೆ ಬೇರೆ ಪತ್ರಿಕೆ, ಜಾಲತಾಣಗಳ ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ಅದು. ಮೆಟಾಕ್ರಿಟಿಕ್ ಕೆಲವು ಪ್ರಕಟಣೆಗಳಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ ತೂಕ ಕೊಟ್ಟು ಲೆಕ್ಕ ಹಾಕುತ್ತದೆ. ಪರೀಕ್ಷೆಯಲ್ಲಿ ತರಗತಿಯ ಸರಾಸರಿ 90 ಬಂದರೆ ನೂರಕ್ಕೆ ತೊಂಬತ್ತು ಮಕ್ಕಳು ಪಾಸಾದರು ಎಂದು ಯಾರೂ ಹೇಳುವುದಿಲ್ಲ. ಇದೂ ಹಾಗೆಯೇ.

ಇನ್ನೊಂದು ಮಾತು. ಗೇಮ್ ವಿಮರ್ಶಕರು ವರ್ಷವಿಡೀ ಆಡುವುದನ್ನೇ ಕೆಲಸ ಮಾಡಿಕೊಂಡವರು. ಅವರ ಬೆರಳು ಪಳಗಿರುತ್ತದೆ. ಅವರಿಗೆ “ಕಷ್ಟ, ಆದರೆ ಆಗುತ್ತದೆ” ಅನಿಸಿದ್ದು ಮೊದಲ ಸಲ ಕಂಟ್ರೋಲರ್ ಹಿಡಿದವರಿಗೆ “ಆಗುವುದೇ ಇಲ್ಲ” ಅನಿಸಬಹುದು. ಅಂಕ ನೋಡುವಾಗ ಕೊಟ್ಟವರು ಯಾರು ಎಂಬುದೂ ನೆನಪಿರಲಿ.

ಪ್ರಶಸ್ತಿ ಕೊಟ್ಟವರು ಯಾರು?

2019ರ ಡಿಸೆಂಬರ್ 12ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭ ನಡೆಯಿತು. ಡೆತ್ ಸ್ಟ್ರಾಂಡಿಂಗ್, ಕಂಟ್ರೋಲ್, ರೆಸಿಡೆಂಟ್ ಈವಿಲ್ 2 ಮುಂತಾದವನ್ನು ಹಿಂದೆ ಹಾಕಿ ಸೆಕಿರೊ ವರ್ಷದ ಗೇಮ್ ಆಯಿತು. ಈ ಪ್ರಶಸ್ತಿಯಲ್ಲಿ ಮಾಧ್ಯಮ ಸಂಸ್ಥೆಗಳ ತೀರ್ಪುಗಾರರ ಮತಕ್ಕೆ ಶೇ. 90, ಸಾರ್ವಜನಿಕರ ಮತಕ್ಕೆ ಶೇ. 10 ತೂಕ. ಅಂದರೆ ಇದು ಹೆಚ್ಚುಕಡಿಮೆ ವಿಮರ್ಶಕರೇ ಕೊಟ್ಟ ಪಟ್ಟ.

ಹಾಗಾದರೆ ಆಡುವವರು ಏನೆಂದರು? ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅಂಗಡಿಯಲ್ಲಿ ಬಳಕೆದಾರರೇ ಮತ ಹಾಕುವ ಪ್ರಶಸ್ತಿ ಇದೆ. 2019ರ ಸಾಲಿಗೆ ಅಲ್ಲೂ ಸೆಕಿರೊ ವರ್ಷದ ಗೇಮ್ ಆಯಿತು. ಮಾರಾಟವೂ ಕಡಿಮೆ ಇರಲಿಲ್ಲ. ಬಿಡುಗಡೆಯಾಗಿ ಹತ್ತು ದಿನದೊಳಗೆ 20 ಲಕ್ಷ, 2020ರ ಜುಲೈ ಹೊತ್ತಿಗೆ 50 ಲಕ್ಷ, 2023ರ ಸೆಪ್ಟೆಂಬರ್ ಹೊತ್ತಿಗೆ 1 ಕೋಟಿ ಪ್ರತಿ ದಾಟಿತು. ಬಸ್ ನಿಲ್ದಾಣದ ಅಜ್ಜನ ಪ್ರಶ್ನೆಗೆ ಇದು ನೇರ ಉತ್ತರ: ರೊಕ್ಕ ಕೊಟ್ಟವರು ಕೋಟಿ ಲೆಕ್ಕದಲ್ಲಿ ಇದ್ದಾರೆ.

ಕಷ್ಟ ಎಲ್ಲಿದೆ?

ಸಾಮಾನ್ಯ ಕತ್ತಿ ಕಾಳಗದ ಗೇಮ್‌ಗಳಲ್ಲಿ ಎದುರಾಳಿಯ ಜೀವದ ಪಟ್ಟಿಯನ್ನು ಹೊಡೆದು ಹೊಡೆದು ಖಾಲಿ ಮಾಡಬೇಕು. ಸೆಕಿರೊದಲ್ಲಿ ಅದರ ಜೊತೆಗೆ ಇನ್ನೊಂದು ಪಟ್ಟಿ ಇದೆ. ಅದು ನಿಲುವಿನ ಪಟ್ಟಿ. ನಿಮಗೂ ಇದೆ, ಎದುರಾಳಿಗೂ ಇದೆ. ಎದುರಾಳಿಯ ಏಟು ಬೀಳುವ ಕ್ಷಣಕ್ಕೇ ಸರಿಯಾಗಿ ಕತ್ತಿ ಅಡ್ಡ ಹಿಡಿದರೆ ಅವನ ನಿಲುವು ಸಡಿಲವಾಗುತ್ತಾ ಹೋಗುತ್ತದೆ. ಪಟ್ಟಿ ತುಂಬಿ ನಿಲುವು ಮುರಿಯಿತೋ, ಜೀವ ಎಷ್ಟೇ ಉಳಿದಿರಲಿ, ಒಂದೇ ಏಟಿಗೆ ಮುಗಿಸಬಹುದು.

ನಮ್ಮ ಕಡೆ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪೈಲ್ವಾನ ಎದುರಾಳಿಯನ್ನು ಬಡಿದು ಸುಸ್ತು ಮಾಡಿ ಗೆಲ್ಲುವುದಿಲ್ಲ. ಅವನ ಕಾಲು ತಪ್ಪುವ ಗಳಿಗೆಗೆ ಕಾದು, ಪಟ್ಟು ಹಾಕಿ, ಬೆನ್ನು ಮಣ್ಣಿಗೆ ಹಚ್ಚುತ್ತಾನೆ. ಸೆಕಿರೊ ಕಾಳಗದ ತರ್ಕವೂ ಅದೇ. ಹಿಂದೆ ಸರಿದು ನಿಂತರೆ ಎದುರಾಳಿಯ ನಿಲುವು ಮತ್ತೆ ಗಟ್ಟಿಯಾಗುತ್ತದೆ. ಆದ್ದರಿಂದ ಹೆದರಿ ದೂರ ಓಡುವವನಿಗೆ ಈ ಆಟ ಕರುಣೆ ತೋರಿಸುವುದಿಲ್ಲ.

ಈ ಕಾಳಗಕ್ಕೆ ಲಯವಿದೆ ಎಂದು ಅನೇಕ ವಿಮರ್ಶಕರು ಗುರುತಿಸಿದರು. ಧಾರವಾಡದವರಿಗೆ ಇದನ್ನು ವಿವರಿಸುವುದು ಇನ್ನೂ ಸುಲಭ. ಜುಗಲ್‌ಬಂದಿಯಲ್ಲಿ ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಅದೇ ಲಯದಲ್ಲಿ ಜವಾಬು ಕೊಡುತ್ತಾರಲ್ಲ, ಹಾಗೆ ಕತ್ತಿಗೆ ಕತ್ತಿ ಉತ್ತರ ಕೊಡಬೇಕು. ಒಂದು ಮಾತ್ರೆ ಮುಂಚೆ ಹೋದರೂ ತಪ್ಪು, ತಡವಾದರೂ ತಪ್ಪು.

ಇನ್ನೊಂದು ಕಷ್ಟ ಇದೆ. ಇದೇ ಕಂಪನಿಯ ‘ಡಾರ್ಕ್ ಸೋಲ್ಸ್’ (2011) ಕೂಡ ಕಷ್ಟದ ಗೇಮ್. ಆದರೆ ಅಲ್ಲಿ ಸೋತವನು ಸಣ್ಣ ಸಣ್ಣ ವೈರಿಗಳನ್ನು ಹೊಡೆದು ಬಲ ಹೆಚ್ಚಿಸಿಕೊಂಡು ಬರಬಹುದು, ಗುರಾಣಿ ಹಿಡಿಯಬಹುದು, ಇಂಟರ್ನೆಟ್ ಮೂಲಕ ಬೇರೆ ಆಟಗಾರರನ್ನು ನೆರವಿಗೆ ಕರೆಯಬಹುದು. ಸೆಕಿರೊದಲ್ಲಿ ಜೊತೆಗಾರರನ್ನು ಕರೆಯುವ ದಾರಿ ಇಲ್ಲ. ಬಲ ಹೆಚ್ಚುವುದೂ ಬಹುಮಟ್ಟಿಗೆ ದೊಡ್ಡ ಎದುರಾಳಿಗಳನ್ನು ಗೆದ್ದ ಮೇಲೆಯೇ. ಹೀಗಾಗಿ ಕಲಿಯದೆ ಮುಂದೆ ಹೋಗುವ ಓಣಿಗಳು ಹೆಚ್ಚೂಕಡಿಮೆ ಮುಚ್ಚಿವೆ.

ವಿಮರ್ಶಕರು ಮೆಚ್ಚಿದ್ದು ಏನು?

ಕಷ್ಟವಾಗಿದ್ದಕ್ಕೇ ಅಂಕ ಬರುವುದಾದರೆ ಕೆಟ್ಟದಾಗಿ ತಯಾರಿಸಿದ ಗೇಮ್‌ಗಳೆಲ್ಲ ಪ್ರಶಸ್ತಿ ಗೆಲ್ಲಬೇಕಿತ್ತು. ಗುಂಡಿ ಒತ್ತಿದರೂ ಕೆಲಸ ಮಾಡದ ಗೇಮ್ ಕೂಡ ಕಷ್ಟವೇ. ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಬಂದ ಮಾತು ಬೇರೆ: ಸೋತಾಗ ತಪ್ಪು ತನ್ನದೇ ಎಂದು ಆಟಗಾರನಿಗೆ ಗೊತ್ತಾಗುತ್ತದೆ.

ಎದುರಾಳಿ ಅಪಾಯಕಾರಿ ಏಟು ಹೊಡೆಯುವ ಮೊದಲು ಪರದೆಯ ಮೇಲೆ ಕೆಂಪು ಬಣ್ಣದ ಜಪಾನಿ ಅಕ್ಷರ ಮಿಂಚುತ್ತದೆ. ಅದರ ಅರ್ಥ ‘ಅಪಾಯ’. ಆ ಏಟಿಗೆ ಉತ್ತರವೂ ಮೊದಲೇ ಗೊತ್ತಿರುತ್ತದೆ. ಕಾಲಿಗೆ ಬೀಸಿದರೆ ಜಿಗಿಯಬೇಕು, ಕತ್ತಿ ನೇರ ಚುಚ್ಚಲು ಬಂದರೆ ಅದನ್ನು ಕಾಲಲ್ಲಿ ಮೆಟ್ಟಬೇಕು, ಹಿಡಿಯಲು ಬಂದರೆ ಪಕ್ಕಕ್ಕೆ ಸರಿಯಬೇಕು. ಅಭ್ಯಾಸ ಮಾಡಿಕೊಳ್ಳಲು ಸಾವಿಲ್ಲದ ಹಾನ್ಬೆ ಎಂಬ ಪಾತ್ರವೇ ಇದೆ. ಅವನ ಜೊತೆ ಎಷ್ಟು ಸಲ ಬೇಕಾದರೂ ಕತ್ತಿ ವರಸೆ ಮಾಡಬಹುದು.

ಇದರ ಫಲವಾಗಿ, ಮೊದಲ ದಿನ ಸೋಲಿಸಲಾಗದ ಗೆನಿಚಿರೊ ಎಂಬ ಎದುರಾಳಿ ಎರಡು ದಿನದ ನಂತರ ಸೋಲುತ್ತಾನೆ. ಅವನು ಬದಲಾಗಿರುವುದಿಲ್ಲ. ನಿಮ್ಮ ಕೈ ಬದಲಾಗಿರುತ್ತದೆ. ಈ ಅನುಭವಕ್ಕೆ ಅಂಕ ಬಿತ್ತು. ಹಿಮ ಬಿದ್ದ ಕೋಟೆ, ದೇಗುಲಗಳ ಚಿತ್ರಣ, ಕೊಕ್ಕೆ ಹಗ್ಗ ಎಸೆದು ಮಾಳಿಗೆಯಿಂದ ಮಾಳಿಗೆಗೆ ಹಾರುವ ಸ್ವಾತಂತ್ರ್ಯವೂ ಹೊಗಳಿಕೆ ಪಡೆದವು.

ತಪ್ಪು ಹಿಡಿದದ್ದು ಎಲ್ಲಿ?

ಹೊಗಳಿದವರೇ ದೋಷಗಳನ್ನೂ ಬರೆದರು. ಇಕ್ಕಟ್ಟಾದ ಜಾಗದಲ್ಲಿ, ಗೋಡೆಯ ಮೂಲೆಯಲ್ಲಿ ಕಾದಾಡುವಾಗ ಕ್ಯಾಮೆರಾ ಕೈಕೊಡುತ್ತದೆ, ಎದುರಾಳಿಯೇ ಕಾಣುವುದಿಲ್ಲ ಎಂಬುದು ಮುಖ್ಯ ದೂರು. ನೋಡಿ, ಇದು ‘ಕಷ್ಟ’ದ ದೂರಲ್ಲ, ‘ಅನ್ಯಾಯ’ದ ದೂರು. ಕಾಣದ ಏಟನ್ನು ಯಾರೂ ತಡೆಯಲಾರರು. ಕೆಲವು ಮಧ್ಯಮ ದರ್ಜೆಯ ಎದುರಾಳಿಗಳು ಸ್ವಲ್ಪವೇ ಬದಲಾಗಿ ಮತ್ತೆ ಬರುತ್ತಾರೆ ಎಂಬ ಆಕ್ಷೇಪವೂ ಇತ್ತು. ಒಂದೇ ಕತ್ತಿ, ಒಂದೇ ಬಗೆಯ ಕಾಳಗ ಇರುವುದರಿಂದ ತಮಗೆ ಬೇಕಾದಂತೆ ಆಡುವ ಅವಕಾಶ ಕಡಿಮೆ ಎಂದವರೂ ಇದ್ದಾರೆ.

ಮೊದಲ ತೀರ್ಪು ತಪ್ಪಿದ ಕಥೆ

ಕಷ್ಟದ ಗೇಮ್ ನೋಡಿ “ಇದು ಕೆಟ್ಟದ್ದು” ಎಂದುಕೊಳ್ಳುವ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. 2009ರಲ್ಲಿ ಇದೇ ಮಿಯಾಝಾಕಿ ನಿರ್ದೇಶನದ ‘ಡೀಮನ್ಸ್ ಸೋಲ್ಸ್’ ಜಪಾನಿನಲ್ಲಿ ಬಂತು. ಸೋನಿ ಕಂಪನಿಯ ಹಿರಿಯ ಅಧಿಕಾರಿ ಶುಹೇ ಯೊಶಿದಾ ಅದನ್ನು ಮೊದಲೇ ಆಡಿ ನೋಡಿದ್ದರು. ಸುಮಾರು ಎರಡು ಗಂಟೆ ಆಡಿದರೂ ಆರಂಭದ ಭಾಗ ದಾಟಲಾಗಲಿಲ್ಲ, ಇದು ತೀರಾ ಕೆಟ್ಟ ಗೇಮ್ ಅನಿಸಿತು ಎಂದು ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಸೋನಿ ಅದನ್ನು ಅಮೆರಿಕದಲ್ಲಿ, ಯುರೋಪಿನಲ್ಲಿ ತಾನಾಗಿ ಪ್ರಕಟಿಸಲಿಲ್ಲ. ಅಮೆರಿಕದಲ್ಲಿ ಅಟ್ಲಸ್, ಯುರೋಪಿನಲ್ಲಿ ನಾಮ್ಕೊ ಬಂದಾಯ್ ಕಂಪನಿಗಳು ತಂದವು. ಗೇಮ್ ಮೆಲ್ಲಗೆ ಬಾಯಿಂದ ಬಾಯಿಗೆ ಹರಡಿ ಹೆಸರು ಮಾಡಿತು. ಸೆಕಿರೊಗೆ ಹತ್ತು ವರ್ಷದ ನಂತರ ಸಿಕ್ಕ ಸ್ವಾಗತದ ಹಿಂದೆ ಈ ಪಾಠವೂ ಇದೆ. ಅಷ್ಟು ಹೊತ್ತಿಗೆ ವಿಮರ್ಶಕರಿಗೆ ಈ ಬಗೆಯ ಗೇಮ್ ಓದುವ ಕಣ್ಣು ಬಂದಿತ್ತು.

‘ಈಜಿ ಮೋಡ್’ ಜಗಳ

ಬಿಡುಗಡೆಯಾದ ಒಂದೇ ವಾರದಲ್ಲಿ ಜಗಳ ಶುರುವಾಯಿತು. ಸೆಕಿರೊದಲ್ಲಿ ‘ಸುಲಭ, ಸಾಧಾರಣ, ಕಷ್ಟ’ ಎಂಬ ಆಯ್ಕೆ ಇಲ್ಲ. ಎಲ್ಲರೂ ಒಂದೇ ಸವಾಲನ್ನು ಎದುರಿಸಿ, ಒಂದೇ ಅನುಭವವನ್ನು ಹಂಚಿಕೊಂಡು ಮಾತಾಡುವಂತಾಗಬೇಕು ಎಂಬುದು ಮಿಯಾಝಾಕಿ ಅವರ ನಿಲುವು. ಫೋರ್ಬ್ಸ್ ತಾಣದ ಅಂಕಣವೊಂದು ಸುಲಭದ ಆಯ್ಕೆ ಕೊಡಿ ಎಂದು ಕೇಳಿತು. ಪಿಸಿ ಗೇಮರ್ ಪತ್ರಿಕೆಯ ಬರಹಗಾರರೊಬ್ಬರು ಆಟದ ವೇಗ ತಗ್ಗಿಸುವ ಚೀಟ್ ಬಳಸಿ ಕೊನೆಯ ಎದುರಾಳಿಯನ್ನು ಗೆದ್ದೆ, ನನಗೇನೂ ಬೇಸರವಿಲ್ಲ ಎಂದು ಬರೆದರು. “ನೀನು ನಿನಗೇ ಮೋಸ ಮಾಡಿಕೊಂಡೆ” ಎಂಬರ್ಥದ ಒಂದು ಗಂಭೀರ ಟ್ವೀಟ್ ಅದಕ್ಕೆ ಉತ್ತರವಾಗಿ ಬಂದು, ಜಗತ್ತಿನಾದ್ಯಂತ ನಗೆಯ ಮೀಮ್ ಆಗಿಹೋಯಿತು.

ಈ ನಗೆಯಲ್ಲಿ ಒಂದು ದೊಡ್ಡ ಪ್ರಶ್ನೆ ಮುಚ್ಚಿಹೋಗಬಾರದು. ಸೆಕಿರೊ ಕೇಳುವುದು ಕ್ಷಣದೊಳಗೆ ಬೆರಳು ಓಡುವುದನ್ನು. ಕೈ ನಡುಗುವ ಕಾಯಿಲೆ ಇರುವವರು, ಒಂದೇ ಕೈ ಇರುವವರು, ದೃಷ್ಟಿ ಮಂದ ಇರುವವರು ಎಷ್ಟೇ ಅಭ್ಯಾಸ ಮಾಡಿದರೂ ಆ ಕ್ಷಣ ಹಿಡಿಯಲಾಗದೆ ಹೋಗಬಹುದು. ನಾಯಕನಿಗೆ ಒಂದೇ ಕೈ ಇರುವ ಗೇಮ್ ಅನ್ನು ಒಂದೇ ಕೈ ಇರುವ ಹುಡುಗ ಆಡಲಾಗದೆ ಹೋಗಬಹುದು ಎಂಬುದನ್ನು ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ. “ಅಭ್ಯಾಸ ಮಾಡು” ಎಂಬ ಬುದ್ಧಿಮಾತು ಅವನಿಗೆ ಉತ್ತರವಲ್ಲ.

‘ಗಾಡ್ ಆಫ್ ವಾರ್’ (2018) ನಿರ್ದೇಶಕ ಕೋರಿ ಬಾರ್ಲಾಗ್ ಆ ಚರ್ಚೆಯ ನಡುವೆ, ಎಲ್ಲರಿಗೂ ಆಡಲು ಅನುವು ಮಾಡಿಕೊಟ್ಟರೆ ತನ್ನ ಕಲ್ಪನೆಗೆ ಧಕ್ಕೆ ಬರುವುದಿಲ್ಲ ಎಂದರು. 2018ರ ‘ಸೆಲೆಸ್ಟ್’ ಇದಕ್ಕೆ ಉದಾಹರಣೆ. ಬೆಟ್ಟ ಹತ್ತುವ ಆ ಗೇಮ್ ಬಲು ಕಷ್ಟದ್ದು. ಆದರೆ ಬೇಕಾದವರು ವೇಗ ತಗ್ಗಿಸಿಕೊಳ್ಳುವ, ಸಾಯದಂತೆ ಆಡುವ ನೆರವಿನ ಆಯ್ಕೆ ಅದರಲ್ಲಿದೆ. ಹಾಗೆಂದು ಅದರ ಮರ್ಯಾದೆ ಕಡಿಮೆಯಾಗಲಿಲ್ಲ. ಅದಕ್ಕೂ ಪ್ರಶಸ್ತಿಗಳು ಬಂದವು.

2020ರಲ್ಲಿ ‘ದಿ ಗೇಮ್ ಅವಾರ್ಡ್ಸ್’ ಎಲ್ಲರಿಗೂ ಆಡಲು ಅನುಕೂಲ ಕಲ್ಪಿಸಿದ ಗೇಮ್‌ಗೆಂದೇ ಹೊಸ ಪ್ರಶಸ್ತಿ ಆರಂಭಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೆಕಿರೊಗೂ ಉಚಿತ ಅಪ್‌ಡೇಟ್ ಬಂತು. ಗೆದ್ದ ಎದುರಾಳಿಗಳ ಜೊತೆ ಮತ್ತೆ ಕಾದಾಡುವ ಅವಕಾಶ ಸಿಕ್ಕಿತು. ಸುಲಭದ ಆಯ್ಕೆ ಮಾತ್ರ ಸಿಗಲಿಲ್ಲ. ವಿಚಿತ್ರ ಎಂದರೆ ಆಟವನ್ನು ಇನ್ನೂ ಕಷ್ಟ ಮಾಡಿಕೊಳ್ಳುವ ದಾರಿ ಸೆಕಿರೊದಲ್ಲಿ ಮೊದಲಿಂದಲೂ ಇದೆ: ಅಲ್ಲಿರುವ ಒಂದು ಗಂಟೆ ಬಾರಿಸಿದರೆ ವೈರಿಗಳು ಇನ್ನಷ್ಟು ಬಲಶಾಲಿಗಳಾಗುತ್ತಾರೆ.

ಹೇಳಿಕೆ ಮತ್ತು ನಿಜ

ಹೇಳಿಕೆ: ಜಾಸ್ತಿ ಸತ್ತರೆ ಗೇಮ್‌ನಲ್ಲಿರುವ ಒಳ್ಳೆಯ ಪಾತ್ರಗಳು ರೋಗ ಬಂದು ಶಾಶ್ವತವಾಗಿ ಸಾಯುತ್ತವೆ.
ನಿಜ: ನೀವು ಪದೇ ಪದೇ ಸತ್ತರೆ ಪಾತ್ರಗಳಿಗೆ ಕೆಮ್ಮಿನ ರೋಗ ಬರುವುದು ಹೌದು. ಅವುಗಳ ಕಥೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ರೋಗದಿಂದ ಅವು ಸಾಯುವುದಿಲ್ಲ, ಮದ್ದೂ ಇದೆ.

ಹೇಳಿಕೆ: ಸಮುರಾಯ್ ಕಾಲದ ಗೇಮ್‌ಗಳೆಲ್ಲ ಹೀಗೇ ಕಷ್ಟ.
ನಿಜ: 2020ರ ‘ಘೋಸ್ಟ್ ಆಫ್ ತ್ಸುಶಿಮಾ’ ಕೂಡ ಜಪಾನಿನ ಹಳೆಯ ಯುದ್ಧದ ಕಥೆಯೇ. ಅದರಲ್ಲಿ ಸುಲಭ, ಸಾಧಾರಣ, ಕಷ್ಟ ಎಂಬ ಆಯ್ಕೆಗಳಿವೆ.

ಹೇಳಿಕೆ: ಸೆಕಿರೊ ಮಕ್ಕಳ ತಾಳ್ಮೆ ಬೆಳೆಸುತ್ತದೆ, ಕೊಡಿಸಿ.
ನಿಜ: ಅಮೆರಿಕದ ಇಎಸ್‌ಆರ್‌ಬಿ ಮಂಡಳಿ ಇದನ್ನು 17 ವರ್ಷ ಮೇಲ್ಪಟ್ಟವರಿಗೆ ಎಂದು ಗುರುತಿಸಿದೆ. ರಕ್ತಪಾತ ಬಹಳ ಇದೆ. ಮಕ್ಕಳಿಗೆ ಕೊಡಿಸುವ ಗೇಮ್ ಇದಲ್ಲ.

ಹೇಳಿಕೆ: ಈ ಲಿಂಕ್ ಒತ್ತಿ, ಸೆಕಿರೊ ಎಪಿಕೆ ನಿಮ್ಮ ಫೋನಿಗೆ ಉಚಿತ.
ನಿಜ: ಈ ಗೇಮ್ ಬಂದದ್ದು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ ಕಂಪ್ಯೂಟರ್‌ಗಳಿಗೆ. ಕಂಪನಿ ಇದರ ಆಂಡ್ರಾಯ್ಡ್ ಆವೃತ್ತಿಯನ್ನು ತಂದಿಲ್ಲ. ಅಂಥ ಎಪಿಕೆ ಹಾಕಿಕೊಂಡರೆ ಫೋನಿನ ಮಾಹಿತಿ, ಬ್ಯಾಂಕಿನ ಒಟಿಪಿ ಕಳ್ಳರ ಕೈ ಸೇರಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಗೆ

ಮುಂದಿನ ಸಲ “ಈ ಗೇಮ್‌ಗೆ 90 ಅಂಕ” ಅಥವಾ “ಇದನ್ನು ಮುಗಿಸದವನು ಗೇಮರ್ ಅಲ್ಲ” ಎಂಬ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಂಕ ಕೊಟ್ಟವರು ಯಾರು? ಆ ಕಷ್ಟ ನ್ಯಾಯವಾದದ್ದೇ, ಅಂದರೆ ಸೋತವನಿಗೆ ತನ್ನ ತಪ್ಪು ಕಾಣುತ್ತದೆಯೇ? ಮತ್ತು ಆ ಕಷ್ಟ ಯಾರನ್ನು ಬಾಗಿಲ ಹೊರಗೇ ನಿಲ್ಲಿಸಿದೆ? ಸೆಕಿರೊಗೆ ಎರಡನೇ ಪ್ರಶ್ನೆಯಲ್ಲಿ ಒಳ್ಳೆಯ ಅಂಕ ಬಂತು, ಪ್ರಶಸ್ತಿ ಅದಕ್ಕೇ ಸಿಕ್ಕಿತು. ಮೂರನೆಯದರಲ್ಲಿ ಅದು ಇನ್ನೂ ಉತ್ತರ ಬಾಕಿ ಉಳಿಸಿಕೊಂಡಿದೆ. ಎರಡೂ ಮಾತು ಸೇರಿದರೇ ಈ ಗೇಮ್‌ನ ವಿಮರ್ಶೆ ಪೂರ್ತಿಯಾಗುವುದು. ಫಾರ್ವರ್ಡ್ ಮಾಡುವುದಾದರೆ ಎರಡನ್ನೂ ಸೇರಿಸಿಯೇ ಮಾಡಿ.